ಮುಯ್ಯಿ ಮೂಗು

ಜುಲೈ 14, ಸೋಮವಾರ. ಸಂಜೆ

ಮಹಾಜನಗಳೇ, ವಿದ್ವಜ್ಜನರೇ, ತಲಾ ಒಂದೊಂದು ಮೂಗನ್ನು ಹೊಂದಿರುವ ಸಮಸ್ತ ಮಹನೀಯರೇ,

ಯಾರೂ ಓದಬಾರದೆಂದೇ ಬರೆಯುತ್ತಿರುವ ಈ ದಿನಚರಿಗೆ ತಾವೆಲ್ಲ ದಯಮಾಡಿಸಿದ್ದೀರಿ. ಆಸೀನರಾಗಿ. ಹಿಂದಿನ ಸಾಲಿನವರು ಕೆಮ್ಮಬೇಡಿ. ಕೆಮ್ಮಿದರೆ ಕಡ್ಡಿ ಹಿಡಿದು ಬರಬೇಕಾಗುತ್ತದೆ, ಅದೇ ನನ್ನ ವೃತ್ತಿ. ಭಾಷಣಕಾರನ ಪರಿಚಯ: ಶಿವಣ್ಣ, ನಲವತ್ತಾರು, ವಾಸ ತಿಪಟೂರು. ಬಿ.ಎ., ಕನ್ನಡ ಮಾಧ್ಯಮ. ಕೋವಿಡ್ ಕಾಲದಲ್ಲಿ ಮೂರು ತಿಂಗಳ ಮಟ್ಟಿಗೆ ಎಂದು ಜನರ ಮೂಗಿಗೆ ಹಾಕಿದ ಕಡ್ಡಿಯನ್ನು ಇನ್ನೂ ಹೊರಗೆ ತೆಗೆದಿಲ್ಲ. ಆಗ ಕೊರೋನ, ಈಗ ಫ್ಲೂ. ಹುದ್ದೆಯ ಹೆಸರು ಫೀಲ್ಡ್ ಇನ್ವೆಸ್ಟಿಗೇಟರ್. ಊರವರು ಇಟ್ಟ ಹೆಸರು ಮೂಗಿನ ಶಿವಣ್ಣ.

ಬೆಳಿಗ್ಗೆ ಶೆಟ್ಟಿಕೆರೆ. ಒಯ್ದ ಕಡ್ಡಿಯೆಲ್ಲ ಅಲ್ಲೇ ಖಾಲಿ. ತಲೆ, ಮುಖಕ್ಕೆಲ್ಲ ಟವಲು ಸುತ್ತಿದ್ದ ಯಜಮಾನರೊಬ್ಬರು ಅದನ್ನು ಸರಿಸಿ ಸೀನಿ ನನ್ನ ಕನ್ನಡಕಕ್ಕೆ ಅಭಿಷೇಕ ಮಾಡಿದರು. ಮಧ್ಯಾಹ್ನ ಬರಿಗೈಯಲ್ಲಿ ನೊಣವಿನಕೆರೆ. ಹೆಸರಾದರೂ ಬರೆದುಕೊಂಡು ಬರೋಣ ಅಂತ. ಅಲ್ಲೊಂದು ಕೊಬ್ಬರಿ ಅಂಗಳ. ಒಣಗಿದ ಕಾಯಿಯ ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವ ಹೆಂಗಸರ ತಂಡ. ತಂಡದ ಯಜಮಾನಿ ಸಿದ್ದಗಂಗಮ್ಮ. ಅರವತ್ತರ ಆಸುಪಾಸು. ಕೈ ಕೆಲಸ ಮಾಡುತ್ತಿರುವಾಗಲೇ ಮಾತು.

"ಐದು ಜನಕ್ಕೆ ಜರ ಐತೆ. ಬರ್ಕೊ. ನಮ್ ಸೊಸೆ ಶಾಂತಕುಮಾರಿದೂ ಸೇರ್ಸಿ ಐದು."

"ಇವತ್ತು ಕಡ್ಡಿ ಮುಗಿದೋಗಿದೆ ಕಣಮ್ಮ. ಬುಧವಾರ ಬರ್ತೀನಿ. ಐದೂ ಜನ ಇಲ್ಲೇ ಇರ್ಬೇಕು."

"ಐದು ಅಂದ್ರೆ ಐದು. ಸಿದ್ದಗಂಗಮ್ಮ ಇಷ್ಟು ಆಳು ಅಂದ್ಮೇಲೆ ಕಮ್ಮಿ ಬಂದೈತಾ ಯಾವತ್ತಾರ? ಯಾವ್ ತೋಟ್ದೋರ್ನಾರ ಕೇಳ್ ನೋಡು."

ಕೇಳಲಿಲ್ಲ. ನಂಬಿದೆ. ವಾಪಸ್ ಬಸ್ಸಿನಲ್ಲಿ ತೊಡೆಯ ಮೇಲೆ ಐಸ್ ಪೆಟ್ಟಿಗೆ. ಕಂಡಕ್ಟರು "ಏನ್ ಸಾ, ಮೀನಾ?" ಅಂದ. ಶೆಟ್ಟಿಕೆರೆಯವರ ಮೂಗಿನ ನೀರು ಎಂದೆ. ಪಕ್ಕದವರು ಎದ್ದು ಹೋದರು. ಕಾಲು ಚಾಚಿಕೊಂಡೆ.

ಊರೂರು ಸುತ್ತಿ ಕಂಡದ್ದೇನು?
ಮೂಗಿನ ತೂತು, ಕಂಡಕ್ಟರ್ ಮಾತು.


ಜುಲೈ 15, ಮಂಗಳವಾರ

ಆಫೀಸು. ಲೇಬಲ್ಲು ಅಂಟಿಸುವುದು, ಐಸ್ ಜೆಲ್ ಫ್ರೀಜರಿಗೆ ಹಾಕುವುದು. ಬೆಂಗಳೂರಿನಿಂದ ಡಾ. ನಯನ ಫೋನು. ಲ್ಯಾಬಿನವರು. ಮೂವತ್ತೈದು ಇರಬಹುದು, ಮುಖ ನೋಡಿದ್ದು ವಿಡಿಯೋ ಮೀಟಿಂಗಿನಲ್ಲಿ ಮಾತ್ರ. ನಾನು ಕಳಿಸಿದ ಟ್ಯೂಬಿನಲ್ಲಿ ವೈರಸ್ಸು ಸಿಕ್ಕರೆ ಅದರ ಅಕ್ಷರಗಳನ್ನು ಒಂದೊಂದಾಗಿ ಓದುತ್ತಾರೆ. 2009ರಲ್ಲಿ ಲೋಕವನ್ನೆಲ್ಲ ಸುತ್ತಿದ ಹಂದಿಜ್ವರದ ಸಂತತಿಯೇ ಇದು. ಈಗ ಊರಿನವನ ಹಾಗೆ ಆಗಿದೆ. ಮಳೆಗಾಲಕ್ಕೆ ಬಂದು ಎಲ್ಲರನ್ನೂ ಮಾತಾಡಿಸಿಕೊಂಡು ಹೋಗುತ್ತದೆ.

ಮೊದಲ ವರ್ಷ ಇದೆಲ್ಲ ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿ.ಎ.ಯಲ್ಲಿ ಓದಿದ ಗ್ರಂಥಸಂಪಾದನೆ ನೆನಪಾಯಿತು. ಓಲೆಗರಿ ಪ್ರತಿ ಮಾಡುವವನು ಒಂದು ಅಕ್ಷರ ತಪ್ಪುತ್ತಾನೆ. ಮುಂದಿನವನು ಆ ತಪ್ಪನ್ನೂ ಭಕ್ತಿಯಿಂದ ಪ್ರತಿ ಮಾಡುತ್ತಾನೆ. ತಪ್ಪಿನ ಜಾಡು ಹಿಡಿದರೆ ಯಾವ ಪ್ರತಿ ಯಾವುದರಿಂದ ಬಂತು ಹೇಳಬಹುದು. ಪಾಠಾಂತರ. ವೈರಸ್ಸಿಗೂ ಅದೇ. ಪಾಠಾಂತರ ಆದರೆ ಬಹಳ ಸಲ ಏನೂ ಆಗುವುದಿಲ್ಲ. ಒಮ್ಮೊಮ್ಮೆ ಅರ್ಥ ಕೆಡುತ್ತದೆ. ಕೆಟ್ಟಿತೋ ಇಲ್ಲವೋ ತಿಳಿಯಲು ಕಾಯಿಲೆ ಎಷ್ಟು ಜೋರಾಗಿ ಬಂತು ಅಂತ ಗೊತ್ತಾಗಬೇಕು. ಅದು ನನ್ನ ಪಾಲಿನ ಇನ್ನರ್ಧ ಕೆಲಸ. ಎರಡು ವಾರ ಬಿಟ್ಟು ಫೋನ್ ಮಾಡುವುದು, ಹೇಗಿದ್ದೀರಿ ಅನ್ನುವುದು, ಆ್ಯಪಿನಲ್ಲಿ ಒಂದನ್ನು ಒತ್ತುವುದು. ಸೌಮ್ಯ. ಮಧ್ಯಮ. ತೀವ್ರ. ಮರಣ.

ನಯನ ಮೇಡಂಗೆ ಪಾಠಾಂತರದ ಹೋಲಿಕೆ ಹೇಳಿದ್ದೆ. "ಚೆನ್ನಾಗಿದೆ ಶಿವಣ್ಣ ಅವ್ರೇ, ನನ್ನ ಸ್ಲೈಡಲ್ಲಿ ಹಾಕ್ಕೋತೀನಿ" ಅಂದಿದ್ದರು. ಹಾಕಿದರೋ ಇಲ್ಲವೋ. ಕೇಳಿಲ್ಲ.


ಜುಲೈ 16, ಬುಧವಾರ. ಸಂಜೆ ಆರು

ನೊಣವಿನಕೆರೆ. ಸಿದ್ದಗಂಗಮ್ಮ ಮಾತಿಗೆ ತಪ್ಪಲಿಲ್ಲ. ಐದು ಅಂದರೆ ಐದು. ಧೂಳಿಗೆ ಎಲ್ಲರ ಮುಖಕ್ಕೂ ಟವಲು ಸುತ್ತಿದೆ, ಕಣ್ಣು ಮಾತ್ರ ಕಾಣುತ್ತದೆ. ಹೆಸರು ಕರೆದ ಹಾಗೆ ಒಬ್ಬೊಬ್ಬರೇ ಬಂದು ಟವಲು ಕೆಳಗೆಳೆದು ತಲೆ ಮೇಲೆತ್ತಿದರು. ಇಷ್ಟು ಶಿಸ್ತು ಯಾವ ಆಫೀಸಿನಲ್ಲೂ ಕಂಡಿಲ್ಲ.

ಶಾಂತಕುಮಾರಿ ಎಂದಾಗ ಬಂದ ಮೂಗು ಅಗಲ, ಗಟ್ಟಿ. ಕಡ್ಡಿ ಒಳಗಿದ್ದಾಗಲೂ ಸೀನಲಿಲ್ಲ. ಮೆಚ್ಚಿದೆ. ಸಿದ್ದಗಂಗಮ್ಮ ಅಲ್ಲಿಂದಲೇ ಕೂಗಿದರು.

"ನಮ್ ಸೊಸೆದು ನೆಟ್ಟಗೆ ಬರ್ಕೊಳಪ್ಪ. ಅವಳಿಗೆ ಮದ್ಲೇ ಉಬ್ಬಸ."

ಎದುರಿಗೇ ನಿಂತಿರುವ ಸೊಸೆಯನ್ನು ಊರಾಚೆ ಇರುವವಳ ಹಾಗೆ ಮಾತಾಡುತ್ತಾರಲ್ಲ... ಅತ್ತೆಯರೇ ಹೀಗೆ ಅಂದುಕೊಂಡೆ. ಟ್ಯೂಬಿನ ಮೇಲೆ ಬರೆದೆ: ಶಾಂತಕುಮಾರಿ, 29, ಹೆಣ್ಣು.

ಎಳನೀರು ಕೊಟ್ಟರು. ಎರಡು ಕುಡಿದೆ.


ಜುಲೈ 19, ಶನಿವಾರ

ರಿಸಲ್ಟು ಬಂತು. ಐದರಲ್ಲಿ ಮೂರು ಪಾಸಿಟಿವ್. ಅವರಿಗೆ ಡಾಕ್ಟರು ಮಾತ್ರೆ ಬರೆದುಕೊಟ್ಟರು, ಸಂಜೆ ಬಸ್ಸಿನ ಡ್ರೈವರ್ ಕೈಲಿ ಕಳಿಸಿದ್ದಾಯಿತು. ಎರಡು ನೆಗೆಟಿವ್. ಅದರಲ್ಲೊಂದು ಶಾಂತಕುಮಾರಿಯದು.

ಆಕೆಯ ಗಂಡ ಗಂಗಾಧರನಿಗೆ ಫೋನ್ ಮಾಡಿದೆ. ಗೂಡ್ಸ್ ಆಟೋ ಓಡಿಸುತ್ತಾನೆ. ಮಾರ್ಕೆಟ್ ಯಾರ್ಡಿನ ಗಲಾಟೆಯ ನಡುವೆ ಕಿರುಚಿ ಮಾತಾಡಿದ. ಹೆಂಡತಿಗೆ ಜ್ವರ ಇನ್ನೂ ಇಳಿದಿಲ್ಲವಂತೆ. ಹೆದರಿದ್ದ ಹಾಗಿತ್ತು. ಧೈರ್ಯ ಬರಲಿ ಎಂದು ಪ್ರಾಸದಲ್ಲೇ ಹೇಳಿದೆ.

ಮಾರಿ ಇಲ್ಲ ಮೂಗಿನಲ್ಲಿ,
ಹಾಯಾಗಿರಿ ಮನೆಯಲ್ಲಿ.

ನಕ್ಕ. "ಅಣ್ಣ, ಇದ್ನ ಆಟೋ ಹಿಂದೆ ಬರ್ಸ್ಕೊಬೇಕು ಕಣಣ್ಣ. ಅಮ್ಮಂಗೂ ಹೇಳ್ತೀನಿ, ಧೂಳಿನ ಉಬ್ಬಸನೇ ಅಂತ ನಾನೂ ಅಂದೆ."

ಒಳ್ಳೆಯ ಪ್ರಾಸ ಎಂದು ಇಲ್ಲೂ ಬರೆದಿಡುತ್ತಿದ್ದೇನೆ.


ಜುಲೈ 28, ಸೋಮವಾರ. ಸಂಜೆ

ವಾರವೆಲ್ಲ ತುರುವೇಕೆರೆ ಕಡೆ. ಮಂಡಿ ನೋವು. ಬಸ್ಸಿನ ಮೆಟ್ಟಿಲು ವರ್ಷಕ್ಕೊಂದು ಇಂಚು ಎತ್ತರವಾಗುತ್ತಿರುವ ಹಾಗಿದೆ.

ಮೇಡಂ ಫೋನು. ಮಾಯಸಂದ್ರದ ದುರ್ಗಯ್ಯನ ಟ್ಯೂಬು, ಶೆಟ್ಟಿಕೆರೆಯ ತಿಪ್ಪಯ್ಯನವರ ಟ್ಯೂಬು. ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಅಕ್ಷರ ಬದಲು. ಈ ಜಾಗ ಕೆಟ್ಟರೆ ವೈರಸ್ಸು ಗಂಟಲು ಬಿಟ್ಟು ಶ್ವಾಸಕೋಶಕ್ಕೆ ಇಳಿಯಬಹುದು ಎಂಬ ಅನುಮಾನ ಮೊದಲಿನಿಂದ ಇದೆ, ಖಚಿತವಿಲ್ಲ ಅಂದರು.

"ಇಬ್ರಿಗೂ ಹೇಗಿತ್ತು ಶಿವಣ್ಣ ಅವ್ರೇ?"

ಇಬ್ಬರಿಗೂ ನಾನೇ ಫೋನ್ ಮಾಡಿದ್ದೆ. ಇಬ್ಬರೂ ಚೆನ್ನಾಗಿದ್ದೀನಿ ಅಂದಿದ್ದರು. ಸೌಮ್ಯ, ಸೌಮ್ಯ.

"ಹಾಗಿದ್ರೆ ಒಳ್ಳೇದೇ. ನಮ್ಮ ಕಡೆ ಈ ಬದಲಾವಣೆಗೂ ತೀವ್ರತೆಗೂ ಸಂಬಂಧ ಕಾಣ್ತಿಲ್ಲ ಅಂತ ಈ ತಿಂಗಳ ವರದಿಯಲ್ಲಿ ಬರೀತೀನಿ."

ಅಕ್ಷರ ಬದಲಾಯ್ತು, ಅರ್ಥ ಹಾಗೇ ಉಳೀತು. ನಮ್ಮ ಕಡೆಯ ವೈರಸ್ಸು ಎಳನೀರು ಕುಡಿದು ತಣ್ಣಗಾಗಿರಬೇಕು ಎಂದೆ. ಮೇಡಂ ನಕ್ಕರು. ಅವರನ್ನು ನಗಿಸುವುದು ಸುಲಭವಲ್ಲ.


ಆಗಸ್ಟ್ 1, ಶುಕ್ರವಾರ

ನೊಣವಿನಕೆರೆಯವರಿಗೆ ಎರಡು ವಾರದ ಫೋನು. ಮೊದಲ ನಾಲ್ಕು ಮನೆ ಆರಾಮ. ಐದನೆಯದು ಗಂಗಾಧರ. ಹಿಂದೆ ಮಾರ್ಕೆಟ್ಟಿನ ಗಲಾಟೆ ಇಲ್ಲ. ಏನೋ ಒಂದು ಮಿಷನ್ನು ಬೀಪ್ ಅನ್ನುತ್ತಿತ್ತು.

"ಶಾಂತಕುಮಾರಿ ಹೇಗಿದ್ದಾರಪ್ಪ?"

"ತುಮಕೂರ್ನಾಗೆ ಇದೀವಣ್ಣ. ಐಸಿಯು. ವಾರ ಆಯ್ತು."

ಅವನೇ ಹೇಳಿದ.

"ನೀವು ಏನಿಲ್ಲ ಅಂದ್ರಲ್ಲ, ಧೂಳಿಂದೇ ಇರ್ಬೇಕು ಅಂತ ಹಬೆ ಕೊಟ್ವಿ, ಕಷಾಯ ಕೊಟ್ವಿ. ಉಸ್ರು ಸಿಗ್ದಂಗಾದ್ಮೇಲೆ ಎತ್ತಾಕ್ಕೊಂಡ್ ಬಂದ್ವಿ. ಇಲ್ಲಿ ನೋಡುದ್ರೆ ಹಂದಿ ಜರ ಅಂತವ್ರೆ."

"ಅಲ್ಲಿ ತಪಾಸಣೆ ಮಾಡಿದ್ರಾ?"

"ಮಾಡುದ್ರು. ಪಾಸಿಟಿವ್ವು. ಯಾಕಣ್ಣ ಹಂಗಾಯ್ತು?"

ವಿಚಾರಿಸುತ್ತೇನೆ ಎಂದೆ. ಆ್ಯಪಿನಲ್ಲಿ ಮೂರನೆಯದನ್ನು ಒತ್ತಿದೆ. ತೀವ್ರ.

ಹಿಂದಿನ ಪುಟ ತಿರುವಿ ಆ ಪ್ರಾಸ ನೋಡಿದೆ. ಪೆನ್ನು ತೆಗೆದು ಹೊಡೆದು ಹಾಕಿದೆ. ಗೀಟಿನ ಕೆಳಗೆ ಇನ್ನೂ ಓದಲು ಬರುತ್ತದೆ.


ಆಗಸ್ಟ್ 2, ಶನಿವಾರ

ಮೇಡಂ ಫೋನು. ಅವರು ಕೇಳಿದ್ದು ಸರಿಯೇ. ಜುಲೈ ಹದಿನಾರಕ್ಕೆ ಆಕೆಗೆ ಜ್ವರ ಇತ್ತು. ನಮ್ಮ ಟ್ಯೂಬು ಏನೂ ಇಲ್ಲ ಅನ್ನುತ್ತದೆ. ತುಮಕೂರಿನ ಟ್ಯೂಬು ಇದೆ ಅನ್ನುತ್ತದೆ. "ಕಡ್ಡಿ ಸರಿಯಾಗಿ ಒಳಗೆ ಹೋಗಿತ್ತಾ ಶಿವಣ್ಣ ಅವ್ರೇ? ಬೇಜಾರ್ ಮಾಡ್ಕೋಬೇಡಿ, ಕೇಳಲೇಬೇಕು." ತುಮಕೂರಿನ ಸ್ಯಾಂಪಲ್ಲನ್ನೂ ತರಿಸಿ ಓದುತ್ತೇವೆ ಅಂದರು.

ಬೇಜಾರು ಮಾಡಿಕೊಂಡೆ. ಈ ಸೀಮೆಯ ಇಷ್ಟೊಂದು ಮೂಗಿನೊಳಗೆ ಹೋಗಿ ಬಂದ ಕೈ ಇದು. ಆ ಅಗಲ ಮೂಗು ಚೆನ್ನಾಗಿ ನೆನಪಿದೆ. ಕಡ್ಡಿ ಗೋಡೆಗೆ ತಾಗಿತ್ತು, ತಿರುಗಿಸಿದ್ದೆ, ಹತ್ತರವರೆಗೆ ಎಣಿಸಿದ್ದೆ.


ಆಗಸ್ಟ್ 4, ಸೋಮವಾರ. ಮಧ್ಯಾಹ್ನ, ನೊಣವಿನಕೆರೆ ಬಸ್ ಸ್ಟಾಪಿನಲ್ಲಿ ಕುಳಿತು

ಕೊಬ್ಬರಿ ಅಂಗಳಕ್ಕೆ ಹೋದೆ. ಸಿದ್ದಗಂಗಮ್ಮ ಇರಲಿಲ್ಲ, ತುಮಕೂರಿನಲ್ಲಿದ್ದಾರೆ. ತಂಡ ಕೆಲಸ ಮಾಡುತ್ತಿತ್ತು. ಒಬ್ಬಳು ಎದ್ದು ಬಂದಳು. ರಂಗಮ್ಮ, ಸಿದ್ದಗಂಗಮ್ಮನ ಪಕ್ಕದ ಮನೆಯವಳಂತೆ. ಟವಲು ಕೆಳಗೆ ಎಳೆದಳು. ಅಗಲ ಮೂಗು. ಗಟ್ಟಿ ಮೂಗು.

ಐದು ಹೆಸರಿನ ಪಟ್ಟಿ ತೆಗೆದು ನೋಡಿದೆ, ಅದರಲ್ಲಿ ರಂಗಮ್ಮ ಎಂಬ ಹೆಸರಿರಲಿಲ್ಲ.

"ಏನ್ ಮೂಗ್ನೋರೇ, ತಿರ್ಗಾ ಬಂದ್ರಾ? ಈ ಸಲ ಯಾರ್ದು ಕೊಡ್ಲಿ?"

"ಯಾರ್ದು ಅಂದ್ರೆ?"

"ಹೋದ್ ಸಲ ಶಾಂತಿದು ಕೊಟ್ನಲ್ಲ."

"ಶಾಂತಕುಮಾರಿ ಎಲ್ಲಿದ್ರು ಅವತ್ತು?"

"ಮನೇಲಿ ಮಲ್ಗಿದ್ಲು. ಎದ್ದು ನಿಲ್ಲಾಕೆ ಆಗ್ತಿರ್ಲಿಲ್ಲ ಕಣ್ರೀ. ಸಿದ್ದಗಂಗಕ್ಕ ಐದು ಜನ ಅಂತ ನಿಮ್ಗೆ ಮಾತು ಕೊಟ್ಬುಟ್ಟಿತ್ತಲ್ಲ. ನಾಕು ಜನ ಬಂದ್ರೆ ಅಕ್ಕನ್ ಮರ್ವಾದೆ ಏನಾಯ್ತದೆ? ಶಾಂತಿ ಬದ್ಲು ನೀನ್ ಹೋಗು ಅಂತು. ಹೋದೆ. ನಾಳಿಕ್ ನಂಗ್ ಜರ ಬಂದ್ರೆ ಅವ್ಳು ಬಂದು ಮೂಗ್ ಕೊಡ್ತಾಳೆ."

ಮುಯ್ಯಿ. ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ಕಳೆ ಕೀಳಲು ಮುಯ್ಯಿ, ರಾಗಿ ಕುಯ್ಯಲು ಮುಯ್ಯಿ, ಮದುವೆಯಲ್ಲಿ ಮುಯ್ಯಿ. ಹುಟ್ಟಿದಾಗಿನಿಂದ ನೋಡಿದ್ದೇನೆ. ನನ್ನ ಅವ್ವ ಮುಯ್ಯಿಗೆ ಹೋದದ್ದು, ಮುಯ್ಯಿಗೆ ಬಂದವರಿಗೆ ಮುದ್ದೆ ಬಡಿಸಿದ್ದು... ಆದರೂ ಹೊಳೆಯಲಿಲ್ಲ.

"ಇದು ಕಾಯಿ ಕೆಲಸ ಅಲ್ಲ ಕಣಮ್ಮ" ಎಂದೆ.

"ಯಾಕೆ, ಮೂಗಿನ ಒಳಗೆ ಯಾರ್ ಹೆಸ್ರು ಬರ್ದೈತೆ ಅಂತ ಓದ್ತೀರೇನು?" ಹಿಂದೆ ಕುಳಿತವರೆಲ್ಲ ನಕ್ಕರು. ಆಮೇಲೆ ನನ್ನ ಮುಖ ನೋಡಿ ಅವಳ ನಗು ನಿಂತಿತು. "ಏನಾರ ತಪ್ಪಾಯ್ತಾ?"

ಇಲ್ಲ ಎಂದೆ.


ಆಗಸ್ಟ್ 5, ಮಂಗಳವಾರ

ಮೇಡಂಗೆ ಹೇಳಿದೆ. ಬೈಯುತ್ತಾರೆ ಎಂದು ಸಿದ್ಧವಾಗಿದ್ದೆ. ಬೈಯಲಿಲ್ಲ.

"ಉಳಿದ ಟ್ಯೂಬುಗಳು?" ಅಂದರು.

ಅದೇ. ಯಾವ ಮೂಗು ಯಾವ ಹೆಸರಿನದು ಎಂದು ಈಗ ಯಾರಿಗೆ ಗೊತ್ತು. ಗುರುತಿನ ಚೀಟಿ ನೋಡಬೇಕು ಎಂಬ ನಿಯಮ ಇತ್ತು. ಜ್ವರ ಬಂದವನ ಬಳಿ ಗುರುತಿನ ಚೀಟಿ ಕೇಳುವುದು ನನಗೇ ನಾಚಿಕೆ ಎನಿಸಿತ್ತು. ಹೆಸರು ಕರೆದರೆ ಬಂದು ನಿಲ್ಲುತ್ತಾರೆ, ಸಾಕು ಎಂದು ಬಿಟ್ಟಿದ್ದೆ. ಅಕ್ಷರವನ್ನು ಅವರು ಸರಿಯಾಗಿ ಓದುತ್ತಾರೆ. ಕಾಯಿಲೆಯನ್ನು ನಾನು ಸರಿಯಾಗಿ ಒತ್ತುತ್ತೇನೆ. ನಡುವೆ ಮ್ಯಾಚ್ ಆಗಬೇಕಾದ ಮನುಷ್ಯ ಮಾತ್ರ ಬೇರೆಯವನು.

ಮೇಡಂ ವರದಿ ವಾಪಸ್ ತೆಗೆದುಕೊಂಡಿದ್ದಾರೆ. ಎಲ್ಲ ಊರಿಗೂ ಹೋಗಿ ಕೇಳಿ ಬನ್ನಿ ಅಂದರು. ಕೊನೆಗೆ:

"ಆ ಮನೆಯವರಿಗೆ ನೀವೇ ಹೇಳ್ಬೇಕು ಶಿವಣ್ಣ ಅವ್ರೇ. ಯಜಮಾನಿಗೆ. ಅವ್ರು ಹೇಳಿದ ಹಾಗೆ ತಂಡ ಕೇಳುತ್ತೆ ಅಂತೀರಲ್ಲ. ಗೊತ್ತಿಲ್ದೇ ಇದ್ರೆ ಮತ್ತೆ ಇದೇ ಮಾಡ್ತಾರೆ, ಮತ್ತೊಬ್ರಿಗೆ ಮಾತ್ರೆ ತಪ್ಪುತ್ತೆ."

ಹೇಳುವುದು ಏನು? ನಿಮ್ಮ ಸೊಸೆಗೆ ಸಿಗಬೇಕಾದ ಮಾತ್ರೆ ಸಿಗದ ಹಾಗೆ ಮಾಡಿದ್ದು ನೀವು ಉಳಿಸಿಕೊಂಡ ಮಾತು... ಹೀಗೆ ಹೇಳುವುದೇ? ಸೊಸೆ ಅಲ್ಲಿ ಉಸಿರಿಗೆ ಒದ್ದಾಡುತ್ತಿರುವಾಗ?

ಹುಷಾರಾಗಿ ಮನೆಗೆ ಬರಲಿ. ಆಮೇಲೆ ಹೇಳಿದರಾಯಿತು.


ಆಗಸ್ಟ್ 7, ಗುರುವಾರ

ಮಾಯಸಂದ್ರ. ದುರ್ಗಯ್ಯ ತನ್ನ ಮೂಗು ತಾನೇ ಕೊಟ್ಟಿದ್ದ. ಅಪ್ಪಿಕೊಳ್ಳಬೇಕು ಅನ್ನಿಸಿತು.

ಶೆಟ್ಟಿಕೆರೆ. ತಿಪ್ಪಯ್ಯನವರ ಟ್ಯೂಬಿನ ಮೂಗು ಮಗ ರಂಗರಾಜುವಿನದು. ಮುದುಕರು ಕಡ್ಡಿ ನೋಡಿ ಹಟ ಹಿಡಿದರಂತೆ. ನನ್ನ ಕನ್ನಡಕಕ್ಕೆ ಸೀನಿದ ಯಜಮಾನ ಇವನೇ. ಟವಲಿನೊಳಗೆ ನಾನೇ ವಯಸ್ಸು ಕೂಡಿಸಿಕೊಂಡಿದ್ದೆ.

"ಮತ್ತೆ ಫೋನ್ ಮಾಡಿದಾಗ ಚೆನ್ನಾಗಿದೀನಿ ಅಂದ್ರಲ್ಲಪ್ಪ?"

"ಕಡ್ಡಿ ಹಾಕ್ಸ್ಕೊಂಡೋನು ನಾನ್ ತಾನೆ ಸಾ? ನಾನ್ ಚೆನ್ನಾಗೇ ಇದ್ದೆ. ಒಂದೆರಡು ದಿವ್ಸ ಮೈ ಬೆಚ್ಚಗಿತ್ತು ಅಷ್ಟೆ. ಅಪ್ಪನ್ ವಿಷ್ಯ ನೀವ್ ಕೇಳ್ಲೇ ಇಲ್ಲ."

"ಅಪ್ಪಂಗೆ ಹೇಗಿತ್ತು?"

"ಹದಿನೈದು ದಿವ್ಸ ಹಾಸಿಗೆ ಬಿಟ್ಟು ಏಳ್ನಿಲ್ಲ. ಈಗ ಪರವಾಗಿಲ್ಲ, ಬೀಡಿ ಕೇಳ್ತವ್ರೆ."

ಮಗನ ವೈರಸ್ಸು, ಮಗನ ಆರೋಗ್ಯ. ತಪ್ಪು ಹೆಸರಿನ ಕೆಳಗೆ ಸರಿ ಉತ್ತರ. ಮುದುಕರ ಆ ಹದಿನೈದು ದಿನ ಮಾತ್ರ ಯಾವ ಟ್ಯೂಬಿನಲ್ಲೂ ಇಲ್ಲ.

ಪ್ರಾಸ ಸಿಗಲಿಲ್ಲ. ಹುಡುಕಲೂ ಇಲ್ಲ.


ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಮನೆಯಲ್ಲಿ ಹೋಳಿಗೆ. ತುಮಕೂರಿನ ಸ್ಯಾಂಪಲ್ಲು ಓದಿ ಆಯಿತು ಎಂದು ಮೇಡಂ ಮೆಸೇಜು. ಅದೇ ಜಾಗ, ಅದೇ ಅಕ್ಷರ. ಒಬ್ಬರನ್ನು ನೋಡಿ ಏನೂ ಹೇಳಲಾಗದು, ಆದರೆ ಸಂಬಂಧವಿಲ್ಲ ಎಂದು ಹೇಳಲು ಇನ್ನು ಧೈರ್ಯವಿಲ್ಲ ಎಂದು ಬರೆದಿದ್ದರು.

ಹೆಂಡತಿ ಹೋಳಿಗೆ ಬಡಿಸುತ್ತಾ, "ಹಬ್ಬದ್ ದಿನ ಆ ಮಖ ಯಾಕ್ರೀ ಹಂಗ್ ಇಟ್ಕೊಂಡಿದೀರಾ? ದೇವಿ ಎದುರಿಗೇ ಕೂತಿದೀರ" ಅಂದಳು. ಕೆಲಸದ ವಿಷಯ ಎಂದೆ. "ಮೂಗಿನ್ ಕೆಲ್ಸಕ್ಕೆ ಇಷ್ಟು ಮಖ ಯಾಕೆ" ಅಂದಳು. ಎರಡು ತಿಂದೆ. ತುಪ್ಪ ಬೇಡ ಎಂದೆ.


ಆಗಸ್ಟ್ 9, ಶನಿವಾರ

ಶಾಂತಕುಮಾರಿ ಹೋದಳು. ಬೆಳಿಗ್ಗೆ. ರಂಗಮ್ಮ ಫೋನ್ ಮಾಡಿದಳು.

ಆ್ಯಪು ತೆರೆದು ನಾಲ್ಕನೆಯದನ್ನು ಒತ್ತಿದೆ. 'ನಿಮ್ಮ ಮಾಹಿತಿ ಯಶಸ್ವಿಯಾಗಿ ದಾಖಲಾಗಿದೆ' ಅಂತ ಬಂತು. ಹಸಿರು ಬಣ್ಣದಲ್ಲಿ.


ಆಗಸ್ಟ್ 20, ಬುಧವಾರ. ಸಂಜೆ

ಮಹಾಜನಗಳೇ, ಸಭೆ ಮತ್ತೆ ಸೇರಿದೆ. ಇಷ್ಟು ದಿನ ಕಾಯಿಸಿದ್ದಕ್ಕೆ ಕ್ಷಮೆ ಇರಲಿ.

ನಿನ್ನೆ ಆ ಮನೆಯಲ್ಲಿ ಹನ್ನೊಂದನೆಯ ದಿನದ ಕಾರ್ಯ ಮುಗಿದಿತ್ತು. ಇಂದು ಭಾಷಣಕಾರನು ನೊಣವಿನಕೆರೆಗೆ ಹೋಗಿ, ಸಿದ್ದಗಂಗಮ್ಮನವರ ಎದುರು ಕುಳಿತು, ಸಕಲ ವೃತ್ತಾಂತವನ್ನೂ ನಿವೇದಿಸಿದನು. ಒಬ್ಬರ ಮೂಗಿಗೆ ಇನ್ನೊಬ್ಬರ ಮೂಗು ಏಕೆ ಸಲ್ಲದು ಎಂಬುದನ್ನು ಸರಳ ಭಾಷೆಯಲ್ಲಿ ವಿವರಿಸಿದನು. ಆಕೆ ಸಮಾಧಾನವಾಗಿ ಕೇಳಿಸಿಕೊಂಡರು. ಕಣ್ಣೊರೆಸಿಕೊಂಡು, "ಗೊತ್ತಿರ್ಲಿಲ್ಲ ಕಣಪ್ಪ, ಇನ್ಮ್ಯಾಕೆ ಅವರವ್ರ ಮೂಗು ಅವರವ್ರೇ ಕೊಡ್ತಾರೆ" ಎಂದರು. ಶಾಂತಕುಮಾರಿಯ ಮಗಳು, ಈಗ ತಾಯಿಯಿಲ್ಲದ ಮೊಮ್ಮಗಳು ಧನ್ಯಳಿಗೂ ಎರಡು ದಿನದಿಂದ ಜ್ವರ. ಮೂರು ವರ್ಷದ ಕೂಸು. ಅದರ ಮೂಗಿನಿಂದಲೂ ಸ್ಯಾಂಪಲ್ ತೆಗೆಯಲಾಯಿತು. ಕೂಸು ಸ್ವಲ್ಪ ಅತ್ತಿತು. ನಾಳೆ ಕೊರಿಯರಿಗೆ ಹೋಗುತ್ತದೆ.

ಎಲ್ಲ ಸುಸೂತ್ರ. ಸಭೆ ಕರತಾಡನ ಮಾಡಬಹುದು.


ಆಗಸ್ಟ್ 21, ಗುರುವಾರ. ಬೆಳಿಗ್ಗೆ ಆರೂವರೆ

ಸಭೆ ಇಲ್ಲ. ಯಾವ ಮಹಾಜನರೂ ಇಲ್ಲ. ನಿನ್ನೆ ಬರೆದದ್ದು ಸುಳ್ಳು.

ನೊಣವಿನಕೆರೆಗೆ ಹೋದದ್ದು ನಿಜ. ಎದುರಿಗೆ ಕುಳಿತದ್ದು ನಿಜ. ಆಕೆಯೇ ಮೊದಲು ಕೇಳಿದರು. "ನೀನ್ ಏನಿಲ್ಲ ಅಂದಿದ್ದೆ. ಯಾಕಪ್ಪ ಹಂಗಾಯ್ತು?"

ನಾಲಿಗೆ ತುದಿಗೆ ಬಂದಿತ್ತು.

"ಮಿಷನ್ನಿನ ತಪ್ಪು ಕಣಮ್ಮ" ಎಂದೆ.

ಅವರೇ ನನಗೆ ಸಮಾಧಾನ ಹೇಳಿದರು. "ಹೋಗ್ಲಿ ಬುಡು. ಮಿಷನ್ನು ತಪ್ಪುದ್ರೆ ನೀನೇನ್ ಮಾಡೀಯ. ನೀನಾರ ಬಂದ್ಯಲ್ಲ ಮಾತಾಡ್ಸಾಕೆ." ಕಾಫಿ ತಂದುಕೊಟ್ಟರು. ಕುಡಿದೆ.

ಕೂಸು ಧನ್ಯ ಅಜ್ಜಿಯ ತೊಡೆಯ ಮೇಲಿತ್ತು. ಮೈ ಸುಡುತ್ತಿತ್ತು, ಉಸಿರು ಸ್ವಲ್ಪ ಬಿರುಸು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. "ಮದ್ಲು ನಿನ್ ಕಡ್ಡಿ ಏನ್ ಹೇಳ್ತೈತೆ ನೋಡಾನ" ಅಂದರು. ಇನ್ನೂ ನನ್ನ ಕಡ್ಡಿಯನ್ನು ನಂಬುತ್ತಾರೆ. ಪೊಟ್ಟಣದಿಂದ ಕಡ್ಡಿ ತೆಗೆದ ಕೂಡಲೇ ಕೂಸು ಕಿರುಚಿ ಅಜ್ಜಿಯ ಎದೆಗೆ ಮುಖ ಹುದುಗಿಸಿತು. ಆಕೆ ಸೆರಗಿನಿಂದ ಅದರ ತಲೆ ಮುಚ್ಚಿದರು. ತಾವೇ ತಲೆ ಹಿಂದಕ್ಕೆ ವಾಲಿಸಿ ಮೂಗು ಮೇಲೆತ್ತಿದರು.

"ಇದನ್ನ ನೋಯಿಸ್ಬ್ಯಾಡ ಕಣಪ್ಪ, ತಾಯಿಲ್ದ ಕೂಸು. ಇದ್ರ ಬದ್ಲು ನಂದ್ರಾಗೆ ತಗೊ. ದಿನಾ ಒಂದೇ ಹೊದಿಕೇಲಿ ಮಲಗ್ತೀವಿ."

ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ತಗೊಂಡೆ. ಆಕೆಯ ಮೂಗಿನಿಂದ. ಟ್ಯೂಬಿನ ಮೇಲೆ ಬರೆದೆ: ಧನ್ಯ, 3, ಹೆಣ್ಣು.

ಟ್ಯೂಬು ಇಲ್ಲೇ ಪೆಟ್ಟಿಗೆಯಲ್ಲಿದೆ. ಕೊರಿಯರಿನವನು ಬರುವುದು ಹನ್ನೊಂದಕ್ಕೆ. ನೊಣವಿನಕೆರೆಗೆ ಬಸ್ಸು ಏಳೂವರೆಗೆ ಇದೆ. ಹೊಸ ಕಡ್ಡಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಳ್ಳಲು ಮೊದಲ ವಾಕ್ಯವನ್ನಾದರೂ ಇಲ್ಲಿ ಬರೆದು ನೋಡುತ್ತೇನೆ.

ಸಿದ್ದಗಂಗಮ್ಮನೋರೇ, ಮಿಷನ್ನು ತಪ್ಪಿಲ್ಲ. ಅವತ್ತು ಶಾಂತಕುಮಾರಿ ಹೆಸರಿನಲ್ಲಿ ನೀವು ಕಳಿಸಿದ್ದು